ಲಿಯೊನ್‌ಹಾರ್ಡ್ ಕೈಸರ್ ಯಾರ ಹುತಾತ್ಮ?

1527ರ ಆಗಸ್ಟ್ 16ರ ಶುಕ್ರವಾರ, ಇನ್ ನದಿಯ ದಡದ ಶೇರ್ಡಿಂಗ್ ಎಂಬ ಪಟ್ಟಣದಲ್ಲಿ ಲಿಯೊನ್‌ಹಾರ್ಡ್ ಕೈಸರ್ ಎಂಬ ಪಾದ್ರಿಯನ್ನು ಧರ್ಮದ್ರೋಹದ ಆರೋಪದ ಮೇಲೆ ಸುಟ್ಟು ಕೊಂದರು. ಊರು ಆಗ ಬವೇರಿಯಾದ ಡ್ಯೂಕನ ಆಳ್ವಿಕೆಯಲ್ಲಿತ್ತು. 1779ರಲ್ಲಿ ಅದು ಆಸ್ಟ್ರಿಯಾಕ್ಕೆ ಸೇರಿತು. ಸತ್ತವನು ಒಬ್ಬನೇ. ಆದರೆ ಆ ಸಾವಿನ ಎರಡು ಕಥನಗಳು ನಮ್ಮವರೆಗೆ ಬಂದಿವೆ, ಮತ್ತು ಅವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಇದು ನಿಜವಾಗಿಯೂ ಒಬ್ಬನೇ ಮನುಷ್ಯನ ಕಥೆಯೇ ಎಂಬ ಅನುಮಾನ ಬರುತ್ತದೆ. ಒಂದರಲ್ಲಿ ಕೈಸರ್, ಪೋಪನ ಸಭೆಯ ವಿರುದ್ಧ ಸುಧಾರಣೆಯ ದನಿ ಎತ್ತಿದ ಮಾರ್ಟಿನ್ ಲೂಥರನ ಬಳಿ ಓದಿ ಬಂದ ಶಿಷ್ಯ. ಇನ್ನೊಂದರಲ್ಲಿ ಆತ ಅನಾಬ್ಯಾಪ್ಟಿಸ್ಟ್ ಬೋಧಕ, ಅಂದರೆ ಲೂಥರ್ ಕೊನೆಯವರೆಗೂ ವಿರೋಧಿಸಿದ ಪಂಥದವನು. ಒಂದೇ ಹೊಲದ ಬದುವಿಗಾಗಿ ದಾಯಾದಿಗಳು ತಲೆಮಾರುಗಟ್ಟಲೆ ಹೋರಾಡುವಂತೆ ಈ ಒಬ್ಬ ಪಾದ್ರಿಯನ್ನು ತಮ್ಮವನೆಂದು ಎರಡೂ ಕಡೆಯವರು ಶತಮಾನಗಳ ಕಾಲ ಹೇಳಿಕೊಂಡು ಬಂದಿದ್ದಾರೆ.

ಅನಾಬ್ಯಾಪ್ಟಿಸ್ಟರ ಪರಿಚಯವಿಲ್ಲದವರಿಗಾಗಿ ಮೊದಲು ಎರಡು ಮಾತು. ಹಸುಗೂಸಿಗೆ ಕೊಡುವ ದೀಕ್ಷಾಸ್ನಾನಕ್ಕೆ ಅರ್ಥವಿಲ್ಲ, ನಂಬಿಕೆಯನ್ನು ತಿಳಿದು ಒಪ್ಪಿಕೊಂಡ ವಯಸ್ಕರಿಗೆ ಮಾತ್ರ ಅದು ಸಲ್ಲಬೇಕು ಎಂದವರು ಅವರು. 1525ರ ಜನವರಿ 21ರಂದು ಜೂರಿಕ್‌ನ ಒಂದು ಮನೆಯಲ್ಲಿ ಕೊನ್ರಾಡ್ ಗ್ರೇಬೆಲ್ ಎಂಬ ಯುವಕ ಗೇಯೋರ್ಗ್ ಬ್ಲೌರಾಕ್ ಎಂಬ ಪಾದ್ರಿಗೆ ನೀರೆರೆದು ದೀಕ್ಷೆ ಕೊಟ್ಟದ್ದನ್ನು ಈ ಪಂಥದ ಆರಂಭವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಹಳೆಯ ಕ್ಯಾಥೊಲಿಕ್ ಸಭೆಯ ಕಣ್ಣಿಗೆ ಇದು ಎರಡನೆಯ ದೀಕ್ಷಾಸ್ನಾನ, ಆದ್ದರಿಂದ ಮಹಾಪರಾಧ. ಸುಧಾರಣೆಯ ಮುಂದಾಳುಗಳಿಗೂ ಇದು ಸಹ್ಯವಾಗಲಿಲ್ಲ. ಜೂರಿಕ್‌ನ ಪ್ರಾಟೆಸ್ಟೆಂಟ್ ನಗರಸಭೆಯೇ 1527ರ ಜನವರಿ 5ರಂದು ಫೆಲಿಕ್ಸ್ ಮಾನ್ಜ್ ಎಂಬಾತನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ಇಂದಿನ ಮೆನ್ನೊನೈಟರು, ಆಮಿಶರು, ಹಟರೈಟರು ಈ ಬೇರಿನಿಂದ ಬಂದವರು. ಅವರಲ್ಲಿ ಅನೇಕರ ಮನೆಗಳಲ್ಲಿ ಬೈಬಲ್ಲಿನ ಪಕ್ಕದಲ್ಲೇ ಇನ್ನೊಂದು ದಪ್ಪ ಪುಸ್ತಕ ಇರುತ್ತದೆ. ಅದು ಅವರ ಹುತಾತ್ಮರ ಚರಿತ್ರೆ.

'ಹುತಾತ್ಮರ ಕನ್ನಡಿ' ಎಂದು ಕರೆಯಬಹುದಾದ ಆ ಗ್ರಂಥವನ್ನು ಡೋರ್ಡ್ರೆಖ್ಟ್ ಪಟ್ಟಣದ ಡಚ್ ಮೆನ್ನೊನೈಟ್ ಬೋಧಕ ತೀಲೆಮನ್ ಫಾನ್ ಬ್ರಾಖ್ಟ್ ಸಂಪಾದಿಸಿ 1660ರಲ್ಲಿ ಪ್ರಕಟಿಸಿದ. 1685ರ ಎರಡನೆಯ ಮುದ್ರಣಕ್ಕೆ ಯಾನ್ ಲೌಕೆನ್ ಎಂಬ ಕಲಾವಿದ ತಾಮ್ರದ ತಗಡಿನ ಮೇಲೆ 104 ಚಿತ್ರಗಳನ್ನು ಕೆತ್ತಿಕೊಟ್ಟ. ಮುಂದೆ ಪೆನ್ಸಿಲ್ವೇನಿಯಾದ ಎಫ್ರಾಟಾದಲ್ಲಿ ಇದರ ಜರ್ಮನ್ ಅನುವಾದ 1748 ಮತ್ತು 1749ರಲ್ಲಿ ಅಚ್ಚಾಯಿತು. ವಸಾಹತು ಕಾಲದ ಅಮೆರಿಕದಲ್ಲಿ ಅಚ್ಚಾದ ಅತಿ ದೊಡ್ಡ ಪುಸ್ತಕ ಅದೇ. ಲಿಯೊನ್‌ಹಾರ್ಡ್ ಕೈಸರನ ಹೂವಿನ ಕಥೆ ಊರೂರಿಗೆ ಹರಡಿದ್ದು ಈ ಪುಸ್ತಕದ ಮೂಲಕ.

ಆ ಕಥೆ ಹೀಗಿದೆ. ಬವೇರಿಯಾದ ಒಬ್ಬ ವಿದ್ವಾಂಸ ಪಾದ್ರಿ ತನ್ನ ಪದವಿಯನ್ನು ಬಿಟ್ಟು 1525ರಲ್ಲಿ ಅನಾಬ್ಯಾಪ್ಟಿಸ್ಟರ ಸಂಗಡ ಸೇರುತ್ತಾನೆ, ಅವರ ನಡುವೆ ಬೋಧಕನಾಗಿ ಕೆಲಸ ಮಾಡುತ್ತಾನೆ, ಎರಡು ವರ್ಷಗಳಲ್ಲಿ ಸೆರೆ ಸಿಕ್ಕುತ್ತಾನೆ. ಪಾಸಾವ್‌ನ ಬಿಷಪ್ ಮತ್ತು ಇತರ ಧರ್ಮಾಧಿಕಾರಿಗಳು ಆತನಿಗೆ ಬೆಂಕಿಯ ಶಿಕ್ಷೆ ವಿಧಿಸುತ್ತಾರೆ. ಗಾಡಿಯ ಮೇಲೆ ಕಟ್ಟಿಹಾಕಿ ಒಯ್ಯುವಾಗ ಪಾದ್ರಿಗಳು ಪಕ್ಕದಲ್ಲೇ ನಡೆಯುತ್ತ ಲ್ಯಾಟಿನ್ನಿನಲ್ಲಿ ಮಾತಾಡಿಸುತ್ತಾರೆ. ನೆರೆದ ಜನರಿಗೆ ತಿಳಿಯಲೆಂದು ಆತ ಜರ್ಮನ್ನಿನಲ್ಲೇ ಉತ್ತರಿಸುತ್ತಾನೆ. ಬಯಲಿಗೆ ಬಂದಾಗ, ಕಟ್ಟಿದ್ದರೂ ಗಾಡಿಯ ಪಕ್ಕಕ್ಕೆ ಬಾಗಿ, ಒಂದು ಹೂವನ್ನು ಕಿತ್ತು, ಕುದುರೆಯ ಮೇಲೆ ಜೊತೆಯಲ್ಲಿ ಬರುತ್ತಿದ್ದ ನ್ಯಾಯಾಧಿಕಾರಿಗೆ ಹೇಳುತ್ತಾನೆ: ಈ ಹೂವನ್ನೂ ನನ್ನನ್ನೂ ಸುಡಲು ನಿಮ್ಮಿಂದಾದರೆ ನೀವು ಕೊಟ್ಟ ತೀರ್ಪು ನ್ಯಾಯವಾದದ್ದು, ಆಗದೆ ಹೋದರೆ ಏನು ಮಾಡಿದಿರಿ ಎಂದು ಯೋಚಿಸಿ, ಪಶ್ಚಾತ್ತಾಪಪಡಿ.

ಮುಂದಿನದನ್ನು ಕಥನ ಬಹಳ ನಿಧಾನವಾಗಿ ಹೇಳುತ್ತದೆ. ಬೇಗ ಬೂದಿಯಾಗಲಿ ಎಂದು ಹೊರೆಗಟ್ಟಲೆ ಸೌದೆ ಒಟ್ಟುತ್ತಾರೆ. ಸೌದೆಯೆಲ್ಲ ಉರಿದು ಮುಗಿದರೂ ದೇಹ ಸುಟ್ಟಿರುವುದಿಲ್ಲ. ಮತ್ತೆ ಸೌದೆ ತಂದು ದೊಡ್ಡ ಬೆಂಕಿ ಹಾಕುತ್ತಾರೆ. ಈ ಸಲ ಕೂದಲು ಸುಟ್ಟಿದೆ, ಉಗುರು ಸ್ವಲ್ಪ ಕಂದಿದೆ, ಮೈಮೇಲಿನ ಬೂದಿಯನ್ನು ಒರೆಸಿದರೆ ಒಳಗೆ ಚರ್ಮ ನಯವಾಗಿ ಶುಭ್ರವಾಗಿದೆ. ಹೂವು ಕೈಯಲ್ಲೇ ಇದೆ, ಬಾಡಿಲ್ಲ. ಕೊನೆಗೆ ದೇಹವನ್ನು ತುಂಡುತುಂಡಾಗಿ ಕತ್ತರಿಸಿ ಮೂರನೆಯ ಬೆಂಕಿಗೆ ಎಸೆಯುತ್ತಾರೆ. ತುಂಡುಗಳೂ ಸುಡುವುದಿಲ್ಲ, ಅವನ್ನು ಇನ್ ನದಿಗೆ ಹಾಕುತ್ತಾರೆ. ನ್ಯಾಯಾಧಿಕಾರಿ ಬೆದರಿ ಹುದ್ದೆ ಬಿಟ್ಟು ಬೇರೆ ಊರಿಗೆ ಹೋಗುತ್ತಾನೆ. ಇದನ್ನೆಲ್ಲ ಕಣ್ಣಾರೆ ಕಂಡ ಅವನ ಮುಖ್ಯ ಸೇವಕ ಇಂದಿನ ಜೆಕ್ ದೇಶದಲ್ಲಿರುವ ಮೊರಾವಿಯಾಕ್ಕೆ ಹೋಗಿ ಅನಾಬ್ಯಾಪ್ಟಿಸ್ಟ್ ಸೋದರರ ಬಳಗವನ್ನು ಸೇರಿ, ಭಕ್ತನಾಗಿ ಬದುಕಿ ಸಾಯುತ್ತಾನೆ.

ಲೌಕೆನ್ ತನ್ನ ಚಿತ್ರಕ್ಕೆ ಬೆಂಕಿಯ ಗಳಿಗೆಯನ್ನು ಆರಿಸಿಕೊಳ್ಳಲಿಲ್ಲ. ಗಾಡಿಯಲ್ಲಿರುವ ಸೆರೆಯಾಳು ನ್ಯಾಯಾಧಿಕಾರಿಯ ಎದುರು ಹೂವು ಹಿಡಿದ ಗಳಿಗೆಯನ್ನೇ ಕೆತ್ತಿದ. ಚಿತ್ರದ ಬಲವೆಲ್ಲ ಈ ಆಯ್ಕೆಯಲ್ಲಿದೆ ಎಂದು ನನಗೆ ಅನಿಸುತ್ತದೆ. ಹೂವಿನ ಮುಂದೆ ಪರೀಕ್ಷೆಗೆ ನಿಂತವನು ಕೈಸರ್ ಅಲ್ಲವೇ ಅಲ್ಲ, ಕುದುರೆಯ ಮೇಲಿರುವ ಅಧಿಕಾರಿ. ನ್ಯಾಯಸ್ಥಾನದ ಎದುರು ಮತ್ತೆ ಮತ್ತೆ ನಿಲ್ಲಬೇಕಾಗಿ ಬಂದ ಒಂದು ಜನಸಮುದಾಯ ತನ್ನನ್ನು ವಿಚಾರಿಸಿದವರಿಗೆ ಕೇಳಬೇಕೆಂದುಕೊಂಡ ಪ್ರಶ್ನೆಯನ್ನು ಒಂದು ಹೂವಿನ ಮೂಲಕ ಕೇಳಿಸಿದೆ. ಇದನ್ನು ಕಟ್ಟುಕಥೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನಾನು ನಿಲ್ಲಲಾರೆ. ಆದರೆ ಇದರಲ್ಲಿರುವ ಮನುಷ್ಯ ಯಾರು ಎಂಬ ಪ್ರಶ್ನೆಯನ್ನು ಬಿಟ್ಟುಕೊಡಲೂ ಆರೆ.

ದಾಖಲೆಗಳಲ್ಲಿ ಸಿಗುವ ಕೈಸರ್ ಶೇರ್ಡಿಂಗ್‌ಗೆ ಸಮೀಪದ ರಾಬ್ ಎಂಬ ಊರಿನವನು. ಮೇಲಣ ಆಸ್ಟ್ರಿಯಾದ ವೈಟ್ಸೆನ್‌ಕಿರ್ಖೆನ್‌ನಲ್ಲಿ ಸಹಾಯಕ ಪಾದ್ರಿಯಾಗಿದ್ದ. ಅಲ್ಲಿ ಲೂಥರನ ವಿಚಾರಗಳನ್ನು ಬೋಧಿಸಿದ್ದಕ್ಕಾಗಿ ಪಾಸಾವ್‌ನ ಬಿಷಪ್ ಆತನನ್ನು ಸೆರೆಯಲ್ಲಿಟ್ಟ. ಇನ್ನು ಹಾಗೆ ಬೋಧಿಸುವುದಿಲ್ಲ ಎಂಬ ಮಾತು ಪಡೆದು ಬಿಡುಗಡೆ ಮಾಡಿದ. ಆ ಮಾತು ಕೈಸರನ ಮನಸ್ಸಿಗೆ ಮುಳ್ಳಾಗಿರಬೇಕು. 1525ರ ಜೂನ್‌ನಲ್ಲಿ ಆತ ವಿಟೆನ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೆಸರು ಹಚ್ಚಿಸಿ, ಲೂಥರ್ ಮತ್ತು ಅವನ ಸಹೋದ್ಯೋಗಿ ಮೆಲಾಂಕ್ಟನ್ ಅವರ ಪಾಠ ಕೇಳಲು ಕೂತ. ಆಗ ಆತ ಎಳೆಯ ಹುಡುಗನಲ್ಲ, ನಡುವಯಸ್ಸಿನವನು. 1527ರ ಆರಂಭದಲ್ಲಿ ತಂದೆ ಸಾಯುವ ಸ್ಥಿತಿಯಲ್ಲಿದ್ದಾನೆ ಎಂಬ ಸುದ್ದಿ ಬಂದಾಗ, ಅಪಾಯ ಗೊತ್ತಿದ್ದೂ ರಾಬ್‌ಗೆ ಹೊರಟ. ಮಗ ಮನೆ ಮುಟ್ಟಿದ ಕೆಲವೇ ಗಂಟೆಗಳಲ್ಲಿ ತಂದೆ ತೀರಿಕೊಂಡ. ಕೈಸರ್ ತಾನೂ ಕಾಯಿಲೆ ಬಿದ್ದು ಕೆಲವು ವಾರ ಊರಲ್ಲೇ ಉಳಿದ. ಯಾರೋ ದೂರು ಕೊಟ್ಟರು. ಮಾರ್ಚ್‌ನಲ್ಲಿ ಆತನನ್ನು ಹಿಡಿದು, ಪಾಸಾವ್‌ನಲ್ಲಿ ನದಿಯ ಮೇಲೆ ಎತ್ತರದಲ್ಲಿರುವ ಒಬರ್‌ಹೌಸ್ ಕೋಟೆಯಲ್ಲಿ ಇಟ್ಟರು.

ಪಾಸಾವ್ ಬಿಷಪ್ ಸ್ಥಾನದ ಆಡಳಿತ ಆಗ ಎರ್ನ್ಸ್ಟ್ ಎಂಬಾತನ ಕೈಯಲ್ಲಿತ್ತು. ಆತ ಬವೇರಿಯಾದ ಡ್ಯೂಕ್ ನಾಲ್ಕನೆಯ ವಿಲ್ಹೆಲ್ಮ್‌ನ ತಮ್ಮ. ಅಣ್ಣ ರಾಜ್ಯದ ಕತ್ತಿ ಹಿಡಿದವನು, ತಮ್ಮ ಧರ್ಮದ ದಂಡ ಹಿಡಿದವನು. ಈ ಜೋಡಿಯ ಎದುರು ಕೈಸರನಿಗೆ ಪಾರಾಗುವ ದಾರಿ ಇರಲಿಲ್ಲವೆಂದೇ ಹೇಳಬೇಕು. ಲೂಥರನ ವಿರುದ್ಧ ವಾದಿಸಿ ಹೆಸರಾದ ಇಂಗೋಲ್‌ಸ್ಟಾಟ್‌ನ ಯೋಹಾನ್ ಎಕ್ ಸ್ವತಃ ವಿಚಾರಣೆಗೆ ಬಂದ. ಮೇ 20ರಂದು ಲೂಥರ್ ಸೆರೆಯಾಳಿಗೆ ಸಾಂತ್ವನದ ಪತ್ರ ಬರೆದ. ಸ್ಯಾಕ್ಸನಿಯ ಎಲೆಕ್ಟರ್ (ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಅರಸ) ಯೋಹಾನ್ ಸೇರಿದಂತೆ ಕೆಲವು ಪ್ರಬಲರು ಆತನ ಪರವಾಗಿ ಮಾತಾಡಿದರು. ಯಾವುದೂ ಫಲಿಸಲಿಲ್ಲ. ಜುಲೈ 18ರಂದು ಆತನ ಪಾದ್ರಿ ಪದವಿಯನ್ನು ಕಿತ್ತು ಶಿಕ್ಷೆಗಾಗಿ ಲೌಕಿಕ ಅಧಿಕಾರಿಗಳ ಕೈಗೆ ಕೊಟ್ಟರು. ನಾಲ್ಕು ವಾರಗಳ ನಂತರ ಬೆಂಕಿ.

ಆ ಬೆಂಕಿಯ ವಿವರ ಲೂಥರನ ಕೈಗೂ ಬಂತು. ಕೈಸರನ ಸ್ನೇಹಿತನಾಗಿದ್ದ ಮಿಖಾಯೆಲ್ ಸ್ಟೀಫೆಲ್ ಕಾಗದಪತ್ರಗಳನ್ನು ಒದಗಿಸಿದ. ಅವನ್ನು ಆಧರಿಸಿ ಲೂಥರ್ ವರ್ಷದ ಕೊನೆಯ ಹೊತ್ತಿಗೆ ಒಂದು ಪುಸ್ತಿಕೆ ಸಿದ್ಧಪಡಿಸಿದ. ಅದರಲ್ಲಿ ಹೂವಿಲ್ಲ. ಕೈಸರ್ ಜನರಿಗೆ ಪವಿತ್ರಾತ್ಮನನ್ನು ಕರೆಯುವ ಹಾಡು ಹಾಡಿರೆಂದು ಕೇಳಿಕೊಳ್ಳುತ್ತಾನೆ. ಬೆಂಕಿ ಹೊತ್ತಿದ ಮೇಲೆ, ಯೇಸುವೇ ನಾನು ನಿನ್ನವನು, ನನ್ನನ್ನು ರಕ್ಷಿಸು ಎಂದು ಕೂಗುತ್ತಾನೆ. ಕೈ, ಕಾಲು, ತಲೆ ಸುಟ್ಟುಹೋಗುತ್ತವೆ, ಉರಿ ತಗ್ಗುತ್ತದೆ. ವಧಕಾರ ಒಂದು ಗಳುವಿನಿಂದ ಮುಂಡವನ್ನು ಹೊರಳಿಸಿ ಮತ್ತೆ ಸೌದೆ ಹಾಕುತ್ತಾನೆ. ಅದೂ ಸಾಲದೆ, ಕತ್ತಿಯಿಂದ ದೇಹದಲ್ಲಿ ತೂತು ಕೊರೆದು, ಗಳುವನ್ನು ಅದರೊಳಗೆ ತೂರಿಸಿ ಎತ್ತಿ, ಮತ್ತೆ ಚಿತೆಗೆ ಏರಿಸಿ ಸುಡುತ್ತಾನೆ.

ಈ ಸಾಲುಗಳನ್ನು ಓದುವುದು ಕಷ್ಟ. ಆದರೂ ಇವನ್ನು ಬಿಟ್ಟು ಮುಂದೆ ಹೋಗಲಾಗದು, ಏಕೆಂದರೆ ಎರಡು ಕಥನಗಳು ಒಂದನ್ನೊಂದು ಮುಟ್ಟುವುದು ಇಲ್ಲಿಯೇ. ಮೊದಲ ಬೆಂಕಿಗೆ ದೇಹ ಪೂರ್ತಿ ಸುಡಲಿಲ್ಲ. ಮತ್ತೆ ಸೌದೆ ಹಾಕಬೇಕಾಯಿತು. ಕೊನೆಗೆ ದೇಹಕ್ಕೆ ಕತ್ತಿ ತಾಗಿಸಬೇಕಾಯಿತು. ಈ ಮೂರು ಸಂಗತಿಗಳು ಲೂಥರನ ಪುಸ್ತಿಕೆಯಲ್ಲೂ ಇವೆ, ಮೆನ್ನೊನೈಟರ ಗ್ರಂಥದಲ್ಲೂ ಇವೆ. ಅಂದರೆ ಹೂವಿನ ಕಥೆ ಶೂನ್ಯದಿಂದ ಹುಟ್ಟಿದ್ದಲ್ಲ. ಆ ದಿನ ಬಯಲಲ್ಲಿ ನಿಂತು ನೋಡಿದವರು ನೋಡಿದ್ದು ಸರಾಗವಾಗಿ ಸುಡಲೊಲ್ಲದ ಒಂದು ದೇಹವನ್ನು. ವಧಕಾರನಿಗೆ ಅದು ಕೆಲಸದ ತೊಡಕು. ನೋಡಿದವರಲ್ಲಿ ಕೆಲವರಿಗಾದರೂ ಅದು ದೇವರ ಸಾಕ್ಷಿಯಾಗಿ ಕಂಡಿರಬೇಕು. ಬಾಯಿಂದ ಬಾಯಿಗೆ ಹೋಗುವಾಗ ಕರಕಲಾದ ಮುಂಡ ಬಿಟ್ಟುಹೋಯಿತು, ಸುಡದೆ ಉಳಿದದ್ದು ಮಾತ್ರ ಬೆಳೆಯಿತು. ಇಂಥ ಬೆಳವಣಿಗೆಯಲ್ಲಿ ಯಾರ ಮೋಸವೂ ಇರಬೇಕಾಗಿಲ್ಲ.

ಪಂಥದ ಪ್ರಶ್ನೆಗೆ ಬಂದರೆ, ಸಾಕ್ಷ್ಯ ಒಂದೇ ಕಡೆಗೆ ವಾಲುತ್ತದೆ. ಮೆನ್ನೊನೈಟ್ ಕಥನ ಆತ ಅನಾಬ್ಯಾಪ್ಟಿಸ್ಟನಾದದ್ದು 1525ರಲ್ಲಿ ಎನ್ನುತ್ತದೆ. ಆತ ವಿಟೆನ್‌ಬರ್ಗ್‌ನಲ್ಲಿ ಹೆಸರು ಬರೆಸಿದ್ದು ಅದೇ ವರ್ಷದಲ್ಲಿ. ಸಂತ ಲಾರೆನ್ಸ್‌ನ ಹಬ್ಬಕ್ಕೆ ಹಿಂದಿನ ಶುಕ್ರವಾರ ಸುಟ್ಟರು ಎಂದೂ ಅದು ಹೇಳುತ್ತದೆ. ಕಾರ್ಕಳದ ಅತ್ತೂರಿನಿಂದಾಗಿ ನಮ್ಮ ಕರಾವಳಿಯವರಿಗೂ ಪರಿಚಿತನಾದ ಈ ಸಂತನ ಹಬ್ಬ ಆಗಸ್ಟ್ 10ಕ್ಕೆ. 1527ರಲ್ಲಿ ಅದು ಶನಿವಾರ ಬಂದಿತ್ತು. ಹಿಂದಿನ ಶುಕ್ರವಾರವೆಂದರೆ ಆಗಸ್ಟ್ 9, ಮುಂದಿನ ಶುಕ್ರವಾರವೆಂದರೆ 16. ದಾಖಲೆಗಳ ಪ್ರಕಾರ ಶಿಕ್ಷೆ ನಡೆದದ್ದು 16ರಂದು. ವಾರ ನೆನಪಿದೆ, ಹಬ್ಬದ ನೆನಪೂ ಇದೆ, ಹಿಂದುಮುಂದು ಮಾತ್ರ ಅದಲುಬದಲಾಗಿದೆ. ಇದು ಕೇಳಿ ಬರೆದದ್ದರ ಗುರುತು ಎಂದು ನನ್ನ ಎಣಿಕೆ. ಲಾರೆನ್ಸ್ ಕೂಡ ಬೆಂಕಿಯ ಮೇಲೆ ಸತ್ತ ಸಂತನೆಂಬ ಐತಿಹ್ಯವಿರುವುದರಿಂದ ಅವನ ಹಬ್ಬ ಜನರ ನೆನಪಿನಲ್ಲಿ ಈ ಸಾವಿನ ಜೊತೆ ಅಂಟಿಕೊಂಡದ್ದು ಸಹಜ.

ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಲೂಥರನದೇ. ಕೈಸರನ ಬಗೆಗಿನ ಪುಸ್ತಿಕೆ ಸಿದ್ಧವಾಗುತ್ತಿದ್ದ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಆತ ಇಬ್ಬರು ಪಾದ್ರಿಗಳಿಗೆ ಪತ್ರದ ರೂಪದಲ್ಲಿ ಮರುದೀಕ್ಷಾಸ್ನಾನವನ್ನು ಖಂಡಿಸುವ ಇನ್ನೊಂದು ಬರಹವನ್ನು ಬರೆದ. 1528ರ ಆರಂಭದಲ್ಲಿ ಅದು ಹೊರಬಂತು. ಒಂದು ಕೈಯಲ್ಲಿ ಅನಾಬ್ಯಾಪ್ಟಿಸ್ಟರನ್ನು ದಾರಿ ತಪ್ಪಿದವರೆಂದು ಖಂಡಿಸುತ್ತ, ಇನ್ನೊಂದು ಕೈಯಲ್ಲಿ ಅನಾಬ್ಯಾಪ್ಟಿಸ್ಟನೊಬ್ಬನನ್ನು ಹುತಾತ್ಮನೆಂದು ಲೂಥರ್ ಹೊಗಳಿರಲಾರ. ಕೈಸರನ ಮುಂದೆ ತಾನು ಬರೀ ಮಾತಿನ ಬೋಧಕ, ಅವನು ಮಾಡಿ ತೋರಿಸಿದವನು ಎಂಬ ಅರ್ಥದಲ್ಲಿ ಆತ ಬರೆದದ್ದು ತನ್ನವನೊಬ್ಬನ ಬಗೆಗೆ. ವಿರೋಧಿಯಾದ ಎಕ್ ಕೂಡ ಸುಮ್ಮನಿರಲಿಲ್ಲ. ಕೈಸರನ ವಿಚಾರಣೆ ನಿಜವಾಗಿ ಹೇಗೆ ನಡೆಯಿತು ಎಂದು ತನ್ನದೇ ಪುಸ್ತಿಕೆ ಪ್ರಕಟಿಸಿದ. ಲೂಥರನ ಶಿಷ್ಯನೊಬ್ಬ ಅನಾಬ್ಯಾಪ್ಟಿಸ್ಟನೂ ಆಗಿದ್ದಿದ್ದರೆ, ವಿಟೆನ್‌ಬರ್ಗ್‌ನಲ್ಲಿ ಕಲಿತರೆ ಏನಾಗುತ್ತದೆ ನೋಡಿ ಎಂದು ಡಂಗುರ ಸಾರಲು ಎಕ್‌ಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಇಂದು ಮೆನ್ನೊನೈಟ್ ಪರಂಪರೆಯ ಇತಿಹಾಸಕಾರರೂ ಕೈಸರನನ್ನು ಲೂಥರನ ಕಡೆಯವನೆಂದೇ ಕಾಣುತ್ತಾರೆ.

ಹಾಗಾದರೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ, ಯಾವ ಪಂಥದವನಾದರೇನು, ನಂಬಿದ್ದಕ್ಕಾಗಿ ಸತ್ತನಲ್ಲ ಎಂದು ಕೇಳುವವರಿದ್ದಾರೆ. ಔದಾರ್ಯದ ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಾಲದಲ್ಲಿ ಲೂಥರನ್ ಮತ್ತು ಅನಾಬ್ಯಾಪ್ಟಿಸ್ಟ್ ಎಂಬ ವ್ಯತ್ಯಾಸ ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ ಎಂಬುದನ್ನು ನಿರ್ಧರಿಸುತ್ತಿತ್ತು. ಮರುದೀಕ್ಷಾಸ್ನಾನದ ಬಗೆಗಿನ ಆ ಬರಹದಲ್ಲಿ ಲೂಥರ್, ಈ ಬಡಜನರನ್ನು ಹೀಗೆ ಕೊಲ್ಲುವುದು ಸರಿಯಲ್ಲ, ನನಗೆ ನೋವಾಗುತ್ತದೆ ಎಂದು ಬರೆದಿದ್ದ. ಆ ಮನಸ್ಸು ಉಳಿಯಲಿಲ್ಲ. 1529ರಲ್ಲಿ ಸ್ಪೇಯರ್‌ನಲ್ಲಿ ಸೇರಿದ ಸಾಮ್ರಾಜ್ಯ ಸಭೆ ಮರುದೀಕ್ಷಾಸ್ನಾನಕ್ಕೆ ಮರಣದಂಡನೆ ಎಂದು ಶಾಸನ ಮಾಡಿತು. 1530ರ ಜನವರಿಯಲ್ಲಿ ಲೂಥರನ್ ಎಲೆಕ್ಟರನ ಆಳ್ವಿಕೆಯಲ್ಲಿದ್ದ ರೈನ್‌ಹಾರ್ಡ್ಸ್‌ಬ್ರುನ್‌ನಲ್ಲಿ ಆರು ಮಂದಿ ಅನಾಬ್ಯಾಪ್ಟಿಸ್ಟರನ್ನು ಕೊಂದರು. 1531ರಲ್ಲಿ ಮೆಲಾಂಕ್ಟನ್ ಮರಣದಂಡನೆಯನ್ನು ಸಮರ್ಥಿಸಿ ಬರೆದ ಅಭಿಪ್ರಾಯಕ್ಕೆ ಲೂಥರ್ ಸಮ್ಮತಿ ಕೊಟ್ಟ. 1536ರಲ್ಲಿ ಅಂಥದೇ ಇನ್ನೊಂದಕ್ಕೆ ಸಹಿ ಹಾಕಿದ. ಕೈಸರನ ಬಿಡುಗಡೆಗಾಗಿ ಮಾತಾಡಿದ ಎಲೆಕ್ಟರ್ ಯೋಹಾನನೇ ರೈನ್‌ಹಾರ್ಡ್ಸ್‌ಬ್ರುನ್‌ನ ಒಡೆಯನೂ ಆಗಿದ್ದ ಎಂಬುದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಶೇರ್ಡಿಂಗ್‌ನ ಹುತಾತ್ಮ ನಿಜವಾಗಿಯೂ ಅನಾಬ್ಯಾಪ್ಟಿಸ್ಟನಾಗಿದ್ದು, ಅಲ್ಲಿಂದ ಪಾರಾಗಿ ಬಂದು ಸ್ಯಾಕ್ಸನಿಯಲ್ಲಿ ಬೋಧಿಸಿದ್ದರೆ, ಅವನ ಶಿಕ್ಷೆಗೆ ಒಪ್ಪಿಗೆ ಕೊಡುವವರು ಅವನ ಗುರುಗಳೇ ಆಗುತ್ತಿದ್ದರು.

ಇಷ್ಟಿದ್ದೂ ಕೈಸರ್ ಅನಾಬ್ಯಾಪ್ಟಿಸ್ಟರ ಪಟ್ಟಿಗೆ ಸೇರಿದ್ದು ಹೇಗೆ? ಕಥೆಯ ಕೊನೆಯಲ್ಲಿ ಬರುವ ಸೇವಕನೇ ಇದಕ್ಕೆ ಸುಳಿವು ಎಂದು ನಾನು ತಿಳಿದಿದ್ದೇನೆ. ಹೂವಿನ ಕಥೆ ಮೊರಾವಿಯಾದಲ್ಲಿ ಮುಗಿಯುತ್ತದೆ. ಆಸ್ತಿಯನ್ನೆಲ್ಲ ಬಳಗದ ಒಟ್ಟು ಸೊತ್ತಾಗಿಟ್ಟುಕೊಂಡು ಬದುಕುತ್ತಿದ್ದ ಸೋದರ ಬಳಗಗಳು ನೆಲೆಯೂರಿದ್ದು ಅಲ್ಲಿಯೇ, ಬವೇರಿಯಾ ಮತ್ತು ಆಸ್ಟ್ರಿಯಾದಿಂದ ಹಿಂಸೆ ತಾಳಲಾರದೆ ಓಡಿದವರು ಸೇರಿದ್ದೂ ಅಲ್ಲಿಗೇ. ಶೇರ್ಡಿಂಗ್‌ನ ಬೆಂಕಿಯನ್ನು ಕಂಡವನೊಬ್ಬ, ಅಥವಾ ಕಂಡವರಿಂದ ಕೇಳಿದವನೊಬ್ಬ ಆ ಬಳಗಕ್ಕೆ ಬಂದು ಕಥೆ ಹೇಳಿದ್ದರೆ, ಕೇಳುವವರು ಆ ಪಾದ್ರಿ ಯಾವ ವಿಶ್ವವಿದ್ಯಾಲಯದಲ್ಲಿ ಓದಿದ ಎಂದು ವಿಚಾರಿಸಿರಲಿಕ್ಕಿಲ್ಲ. ತಮ್ಮ ಅಣ್ಣತಮ್ಮಂದಿರನ್ನು ಸುಟ್ಟ ಬಿಷಪ್ಪರ, ಡ್ಯೂಕರ ಕೈಯೇ ಇವನನ್ನೂ ಸುಟ್ಟಿತ್ತು. ಅಷ್ಟು ಸಾಕಾಗಿತ್ತು. ಕೈಸರನನ್ನು ಇಟ್ಟಿದ್ದ ಅದೇ ಒಬರ್‌ಹೌಸ್ ಕೋಟೆಯಲ್ಲಿ 1535ರಿಂದ ಮುಂದೆ, ಮೊರಾವಿಯಾದಿಂದ ಹಿಂತಿರುಗುತ್ತಿದ್ದ ಅನಾಬ್ಯಾಪ್ಟಿಸ್ಟರನ್ನು ಹಿಡಿದು ವರ್ಷಗಟ್ಟಲೆ ಕೂಡಿಹಾಕಿದರು. ಅವರು ಸೆರೆಯಲ್ಲಿ ಕಟ್ಟಿದ ಹಾಡುಗಳು 1564ರಲ್ಲಿ ಅಚ್ಚಾದವು. 'ಔಸ್‌ಬುಂಡ್' ಎಂಬ ಹಾಡಿನ ಪುಸ್ತಕದ ತಿರುಳು ಅವೇ. ಆಮಿಶರು ಇಂದಿಗೂ ಆರಾಧನೆಯಲ್ಲಿ ಹಾಡುವುದು ಆ ಪುಸ್ತಕದಿಂದಲೇ.

ಆ ಪುಸ್ತಕದಲ್ಲಿ ಹಾಡಾಗಿ ಉಳಿದ ಇನ್ನೊಬ್ಬನ ಪಂಥವೂ ವಿವಾದದಲ್ಲಿದೆ, ಮತ್ತು ಅವನ ಪ್ರಕರಣ ಕೈಸರನದಕ್ಕಿಂತ ಜಟಿಲ. ಗೇಯೋರ್ಗ್ ವಾಗ್ನರ್ ಎಂಬ ಈತನನ್ನು 1527ರ ಫೆಬ್ರವರಿ 8ರಂದು, ಅದೇ ಡ್ಯೂಕ್ ವಿಲ್ಹೆಲ್ಮ್‌ನ ಆಳ್ವಿಕೆಯಲ್ಲಿ, ಮ್ಯೂನಿಕ್‌ನಲ್ಲಿ ಸುಟ್ಟರು. ಅವನ ಮೇಲೆ ನಾಲ್ಕು ಆರೋಪಗಳಿದ್ದವು. ಪಾದ್ರಿ ಪಾಪಗಳನ್ನು ಕ್ಷಮಿಸಬಲ್ಲನೆಂದು ನಂಬುವುದಿಲ್ಲ. ಮನುಷ್ಯನೊಬ್ಬ ದೇವರನ್ನು ಸ್ವರ್ಗದಿಂದ ಕರೆದಿಳಿಸಬಲ್ಲನೆಂದು ನಂಬುವುದಿಲ್ಲ. ಬಲಿಪೀಠದ ರೊಟ್ಟಿಯಲ್ಲಿ ದೇವರಿದ್ದಾನೆಂದು ನಂಬುವುದಿಲ್ಲ. ದೀಕ್ಷಾಸ್ನಾನದ ನೀರಿಗೆ ತಾನಾಗಿ ರಕ್ಷಿಸುವ ಶಕ್ತಿಯಿದೆಯೆಂದು ನಂಬುವುದಿಲ್ಲ. ಮಾತು ಹಿಂತೆಗೆದುಕೊಂಡರೆ ಹೆಂಡತಿ ಮಕ್ಕಳ ಬಳಿಗೆ ಹೋಗಬಹುದು ಎಂದಾಗ ಅವನು ಕೊಟ್ಟ ಉತ್ತರ ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಹುತಾತ್ಮ ಚರಿತ್ರೆಯವರೆಗೂ ಹೋಯಿತು: ಅವರು ನನಗೆ ಎಷ್ಟು ಪ್ರಿಯರೆಂದರೆ ಡ್ಯೂಕನ ಸಂಪತ್ತನ್ನೆಲ್ಲ ಕೊಟ್ಟರೂ ಅವರನ್ನು ಮಾರಲಾರೆ, ಆದರೆ ದೇವರ ಮೇಲಿನ ಪ್ರೀತಿಗಾಗಿ ಬಿಟ್ಟು ಹೋಗುತ್ತೇನೆ. ಬೆಂಕಿಯಲ್ಲಿ ನಂಬಿಕೆಯ ಗುರುತೊಂದನ್ನು ಕೊಡು ಎಂದು ಕೆಲವರು ಕೇಳಿದಾಗ, ಬಾಯಿ ತೆರೆಯಲು ಆಗುವವರೆಗೂ ಯೇಸುವಿನ ಹೆಸರು ಹೇಳುತ್ತೇನೆ ಎಂದ. ಹಾಗೆಯೇ ಹೇಳುತ್ತ ಸತ್ತ.

ನಾಲ್ಕನೆಯ ಆರೋಪವನ್ನು ನೋಡಿ ಅನಾಬ್ಯಾಪ್ಟಿಸ್ಟರು ಇವನು ನಮ್ಮವನೆಂದರು. ಆದರೆ ಬರೀ ನೀರಿನಿಂದ ಏನೂ ಆಗದು, ನೀರಿನೊಡನೆ ಇರುವ ದೇವರ ವಾಕ್ಯದಿಂದ ಎಲ್ಲವೂ ಎಂದು ಲೂಥರನೇ 1529ರ ತನ್ನ ಕಿರು ಪ್ರಶ್ನೋತ್ತರಿಯಲ್ಲಿ ಬರೆದಿದ್ದಾನೆ. ಆ ಒಂದು ಮಾತಿನಿಂದ ಯಾರೂ ಅನಾಬ್ಯಾಪ್ಟಿಸ್ಟರಾಗುವುದಿಲ್ಲ. ಮತ್ತು ಮರುದೀಕ್ಷಾಸ್ನಾನ ಪಡೆದನೆಂಬ ಆರೋಪ ಆ ನಾಲ್ಕರಲ್ಲಿಲ್ಲ. ಲೂಥರನ್ನರ ಹುತಾತ್ಮ ಗ್ರಂಥಗಳೂ ಇವನನ್ನು ಸೇರಿಸಿಕೊಂಡವು. ಅವರಿಗೆ ತೊಡಕಾಗಬೇಕಾದದ್ದು ಮೂರನೆಯ ಆರೋಪ. ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿ ಇದೆ ಎಂಬುದನ್ನು ಅಲ್ಲಗಳೆಯುವವರ ವಿರುದ್ಧ ಲೂಥರ್ ತನ್ನ ಅತಿ ಕಟುವಾದ ಪುಸ್ತಕಗಳಲ್ಲೊಂದನ್ನು ಬರೆದದ್ದು ಇದೇ 1527ರಲ್ಲಿ. ಹೀಗಾಗಿ ವಾಗ್ನರ್ ಮೂರನೆಯದರಿಂದ ಲೂಥರನ ಅಂಗಳದ ಹೊರಗೆ ನಿಲ್ಲುತ್ತಾನೆ, ನಾಲ್ಕನೆಯದು ಅನಾಬ್ಯಾಪ್ಟಿಸ್ಟರ ಅಂಗಳಕ್ಕೆ ಅವನನ್ನು ಮುಟ್ಟಿಸುವುದಿಲ್ಲ. ಬಂಡಿ ಮಾಡುವ ಕಸುಬಿನ ಹೆಸರು ಹೊತ್ತಿದ್ದ ಇವನು ತನ್ನ ನಂಬಿಕೆಯನ್ನು ಯಾವ ಪಂಥದ ಅಳತೆಗೂ ಕತ್ತರಿಸಿಕೊಂಡಿರಲಿಲ್ಲ. ಕೈಸರನಿಗೆ ಗುರುವಿದ್ದ, ವಿಶ್ವವಿದ್ಯಾಲಯವಿತ್ತು, ಅವನ ಪರವಾಗಿ ಪುಸ್ತಕ ಬರೆಯುವವನಿದ್ದ; ಆದ್ದರಿಂದ ಅವನು ಯಾರೆಂದು ನಾವು ಹೇಳಬಲ್ಲೆವು. ವಾಗ್ನರ್ ಯಾರೆಂದು ಹೇಳಲು ಆ ನಾಲ್ಕು ವಾಕ್ಯಗಳೇ ಸಾಕು, ಅದಕ್ಕೆ ಮೇಲೆ ಇನ್ನೊಂದು ಹೆಸರಿನ ಚೀಟಿ ಅಂಟಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಫಾನ್ ಬ್ರಾಖ್ಟ್ ಮೇಲೆ ನನಗೆ ಸಿಟ್ಟಿಲ್ಲ. ತನಗಿಂತ ನೂರಮೂವತ್ತು ವರ್ಷ ಹಿಂದಿನ ಸಾವುಗಳನ್ನು ಹಳೆಯ ಸಂಕಲನಗಳಿಂದ, ಹಾಡುಗಳಿಂದ, ಪತ್ರಗಳಿಂದ, ನ್ಯಾಯಾಲಯದ ಕಡತಗಳಿಂದ ಒಬ್ಬನೇ ಕೂತು ಒಟ್ಟುಮಾಡಿದ ಅವನ ದುಡಿಮೆ ಅಗಾಧವಾದದ್ದು. ಆ ದುಡಿಮೆಯಿಲ್ಲದಿದ್ದರೆ ನೂರಾರು ನೇಕಾರರ, ದರ್ಜಿಗಳ, ವಿಧವೆಯರ ಹೆಸರುಗಳೇ ಅಳಿದುಹೋಗುತ್ತಿದ್ದವು. ಅವನ ಪುಟಗಳಲ್ಲಿ ನುಸುಳಿದ ಕೆಲವು ತಪ್ಪುಗಳನ್ನು ಹಿಡಿದು ಇಡೀ ಗ್ರಂಥವನ್ನು ಹೀಗಳೆದ ವಿರೋಧಿಗಳ ರೀತಿ ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಆ ಗ್ರಂಥ ಇಂದಿಗೂ ಮತ್ತೆ ಮತ್ತೆ ಅಚ್ಚಾಗುತ್ತಿದೆ, ಮಕ್ಕಳು ಅದರ ಕಥೆ ಕೇಳುತ್ತ ಬೆಳೆಯುತ್ತಾರೆ, ಹೂವಿನ ಚಿತ್ರವನ್ನು ನೋಡುತ್ತಾರೆ. ಆ ಪುಟವನ್ನು ಕಿತ್ತುಹಾಕಿ ಎಂದು ನಾನು ಕೇಳುವುದಿಲ್ಲ. ಚಿತ್ರ ಇರಲಿ, ಕಥೆಯೂ ಇರಲಿ. ಕೆಳಗೆ ಒಂದು ಟಿಪ್ಪಣಿ ಸೇರಲಿ: ಈತ ರಾಬ್ ಊರಿನ ಲಿಯೊನ್‌ಹಾರ್ಡ್ ಕೈಸರ್, ವಿಟೆನ್‌ಬರ್ಗ್‌ನಲ್ಲಿ ಲೂಥರನ ವಿದ್ಯಾರ್ಥಿ, ಸಾಯುತ್ತಿದ್ದ ತಂದೆಯನ್ನು ನೋಡಲು ಬಂದಾಗ ಸೆರೆ ಸಿಕ್ಕವನು. ಅದೇ ರೀತಿ ಲೂಥರನ ಪುಸ್ತಿಕೆಯನ್ನು ಮತ್ತೆ ಅಚ್ಚು ಹಾಕುವವರು ರೈನ್‌ಹಾರ್ಡ್ಸ್‌ಬ್ರುನ್‌ನಲ್ಲಿ ಸತ್ತ ಆರು ಮಂದಿಯ ಸಂಗತಿಯನ್ನೂ ಅದರ ಜೊತೆಗೇ ಅಚ್ಚು ಹಾಕಲಿ.